ಬಯೋಸ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಧ್ವನಿ ಬರುತ್ತಿಲ್ಲವೇ? ಕೊಂಡಿ ಎಲ್ಲಿ ಕಳಚಿದೆಯೆಂದು ಹುಡುಕುವ ಬಗೆ

ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡಿನಲ್ಲಿರುವ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಅಪ್‌ಡೇಟ್ ಮಾಡುವುದು ಒಂದು ಕಾಲಕ್ಕೆ ರಿಪೇರಿಯವರ ಕೆಲಸವಾಗಿತ್ತು. ಈಗ ಸಾಮಾನ್ಯ ಬಳಕೆದಾರರೂ ಅದನ್ನು ಮಾಡಬೇಕಾದ ಸಂದರ್ಭಗಳು ಹೆಚ್ಚಿವೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮಿತಿಮೀರಿ ಏರುವ ದೋಷ ಬೆಳಕಿಗೆ ಬಂದಾಗ, 2024ರಲ್ಲಿ ಅದರ ಪರಿಹಾರ ಜನರ ಕೈಸೇರಿದ್ದು ಮುಖ್ಯವಾಗಿ ಬಯೋಸ್ ಅಪ್‌ಡೇಟ್ ಮೂಲಕ. ಎಎಂಡಿ ಕಂಪನಿಯ ಹೊಸ ರೈಜೆನ್ ಪ್ರೊಸೆಸರನ್ನು ಹಳೆಯ ಬೋರ್ಡಿನಲ್ಲಿ ಕೂರಿಸಬೇಕಾದರೂ ಸಾಮಾನ್ಯವಾಗಿ ಮೊದಲು ಬಯೋಸ್ ಹೊಸದಾಗಬೇಕು. ಕಂಪ್ಯೂಟರ್ ಏಳುವಾಗ ನಂಬಿಕಸ್ಥ ತಂತ್ರಾಂಶವಷ್ಟೇ ಓಡುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್‌ಗಾಗಿ 2011ರಲ್ಲಿ ಸಿದ್ಧವಾದ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುವುದೂ ಅಪ್‌ಡೇಟ್‌ಗೆ ಇನ್ನೊಂದು ಕಾರಣ.

ಈ ಕೆಲಸ ಸುಸೂತ್ರವಾಗಿ ಮುಗಿದು, ಕಂಪ್ಯೂಟರ್ ಎಂದಿನಂತೆ ಏಳುತ್ತದೆ, ಇಂಟರ್ನೆಟ್ ಬರುತ್ತದೆ, ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. ಹಾಡು ಹಾಕಿದರೆ ಮಾತ್ರ ಸ್ಪೀಕರ್ ತುಟಿ ಬಿಚ್ಚುವುದಿಲ್ಲ. ಆಗ ಹೆಚ್ಚಿನವರ ಮನಸ್ಸಿಗೆ ಬರುವುದು ಎರಡೇ ಯೋಚನೆ: ಧ್ವನಿಯ ಚಿಪ್ ಸುಟ್ಟುಹೋಯಿತು, ಇಲ್ಲವೇ ವಿಂಡೋಸ್ ಅನ್ನು ಮತ್ತೆ ಮೊದಲಿನಿಂದ ಹಾಕಬೇಕು. ಎರಡಕ್ಕೂ ಅವಸರ ಬೇಡ. ಬಯೋಸ್ ಅಪ್‌ಡೇಟ್ ಧ್ವನಿಯ ಚಿಪ್ಪಿನೊಳಗೆ ಏನನ್ನೂ ಬರೆದು ಕೆಡಿಸುವುದಿಲ್ಲ. ಆ ಚಿಪ್ಪನ್ನು ಗುರುತಿಸುವ, ಎಬ್ಬಿಸುವ ಮತ್ತು ಆಪರೇಟಿಂಗ್ ಸಿಸ್ಟಮ್‌ಗೆ ಪರಿಚಯಿಸುವ ಕ್ರಮದಲ್ಲಿ ಏನೋ ಬದಲಾಗಿರುತ್ತದೆ. ಬದಲಾದದ್ದು ಯಾವ ಹಂತದಲ್ಲಿ ಎಂದು ತಿಳಿದರೆ ಪರಿಹಾರ ಬಹುಮಟ್ಟಿಗೆ ಸಿಕ್ಕಂತೆಯೇ.

ಧ್ವನಿ ಸಾಗಿ ಬರುವ ದಾರಿ

ಮದರ್‌ಬೋರ್ಡಿನಲ್ಲೇ ಅಡಕವಾಗಿರುವ ಧ್ವನಿ ವ್ಯವಸ್ಥೆಯನ್ನು ಆನ್‌ಬೋರ್ಡ್ ಆಡಿಯೋ ಎನ್ನುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಒಂದೇ ವಸ್ತುವಿನಂತೆ ಕಂಡರೂ ಒಳಗೆ ಇಬ್ಬರು ಕೆಲಸಗಾರರಿದ್ದಾರೆ. ಮೊದಲನೆಯದು ಕಂಟ್ರೋಲರ್. ಇದು ಬೋರ್ಡಿನ ಭಾಗಗಳನ್ನು ಪ್ರೊಸೆಸರಿಗೆ ಬೆಸೆಯುವ ಚಿಪ್‌ಸೆಟ್‌ನ ಒಳಗೆ, ಅಥವಾ ಎಎಂಡಿಯ ಹಲವು ವ್ಯವಸ್ಥೆಗಳಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ. ಮೆಮೊರಿಯಲ್ಲಿರುವ ಧ್ವನಿಯ ಅಂಕಿಗಳನ್ನು ಎತ್ತಿಕೊಂಡು ಸಾಗಿಸುವುದಷ್ಟೇ ಅದರ ಕೆಲಸ. ಎರಡನೆಯದು ಕೋಡೆಕ್ ಎಂಬ ಪ್ರತ್ಯೇಕ ಚಿಪ್. ಕಂಟ್ರೋಲರ್ ತಂದುಕೊಟ್ಟ ಅಂಕಿಗಳನ್ನು ಸ್ಪೀಕರ್‌ಗೆ ಬೇಕಾದ ವಿದ್ಯುತ್ ಅಲೆಗಳಾಗಿ ಮಾರ್ಪಡಿಸುವುದು ಇದು. ಮೈಕಿನಿಂದ ಬಂದ ಅಲೆಗಳನ್ನು ಅಂಕಿಗಳಾಗಿ ಮಾಡುವುದೂ ಇದೇ.

ಕೋಡೆಕನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಡೆಸ್ಕ್‌ಟಾಪ್ ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದು, ಹಿಂಭಾಗದ ಬಣ್ಣದ ಜ್ಯಾಕ್‌ಗಳಿಂದ ಒಳಮುಖವಾಗಿ ದೃಷ್ಟಿ ಹಾಯಿಸಿದರೆ, ಬೋರ್ಡಿನ ಆ ಮೂಲೆಯಲ್ಲಿ ಸಣ್ಣ ಡಬ್ಬಿಗಳಂಥ ಕೆಪಾಸಿಟರ್‌ಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಕಿರುಬೆರಳಿನ ಉಗುರಿನಷ್ಟೇ ದೊಡ್ಡದಾದ ಚೌಕಾಕಾರದ ಕಪ್ಪು ಚಿಪ್ ಇರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಅದರ ಮೇಲೆ ಲೋಹದ ಮುಚ್ಚಳವೂ ಇರುತ್ತದೆ. ಚಿಪ್ಪಿನ ಮೇಲೆ ಏಡಿಯ ಚಿತ್ರವಿದ್ದರೆ ಅದು ರಿಯಲ್‌ಟೆಕ್ ಕಂಪನಿಯದು. ಪಕ್ಕದಲ್ಲೇ ಎಎಲ್‌ಸಿ 887, ಎಎಲ್‌ಸಿ 897, ಎಎಲ್‌ಸಿ 1220 ಮುಂತಾದ ಹೆಸರು ಅಚ್ಚಾಗಿರುತ್ತದೆ. ಈ ಹೆಸರನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಕಂಟ್ರೋಲರ್ ಮತ್ತು ಕೋಡೆಕ್ ಹೇಗೆ ಮಾತಾಡಿಕೊಳ್ಳಬೇಕೆಂಬ ನಿಯಮವನ್ನು ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಅದಕ್ಕೆ ಮೊದಲು 1997ರ ಎಸಿ 97 ಎಂಬ ನಿಯಮ ಬಳಕೆಯಲ್ಲಿತ್ತು. ಹೊಸ ನಿಯಮ ರೂಪುಗೊಳ್ಳುತ್ತಿದ್ದಾಗ ಅದಕ್ಕಿದ್ದ ಗುಪ್ತನಾಮ ಅಜೇಲಿಯಾ. ಕೆಲವು ಬೋರ್ಡ್‌ಗಳ ಬಯೋಸ್‌ನಲ್ಲಿ ಆ ಹೆಸರು ಇಂದಿಗೂ ಉಳಿದಿದೆಯಾದ್ದರಿಂದ, ಧ್ವನಿಯ ಆಯ್ಕೆಯನ್ನು ಹುಡುಕುತ್ತಿರುವವರು ಅದನ್ನು ನೋಡಿಯೂ ಗುರುತಿಸದೆ ಮುಂದೆ ಹೋಗಿಬಿಡುವುದುಂಟು.

ಬಯೋಸ್‌ಗೂ ಧ್ವನಿಗೂ ಏನು ಸಂಬಂಧ

ಬಯೋಸ್ ಎಂದರೆ ಕರೆಂಟ್ ಬಂದ ಕೂಡಲೇ, ವಿಂಡೋಸ್ ಅಥವಾ ಲಿನಕ್ಸ್ ಏಳುವುದಕ್ಕೂ ಮೊದಲು, ಓಡುವ ತಂತ್ರಾಂಶ. ಇಂದಿನ ಬೋರ್ಡ್‌ಗಳಲ್ಲಿರುವುದರ ಸರಿಯಾದ ಹೆಸರು ಯುಇಎಫ್‌ಐ ಆದರೂ ಬಳಕೆಯಲ್ಲಿ ಬಯೋಸ್ ಎಂಬ ಹೆಸರೇ ಗಟ್ಟಿಯಾಗಿದೆ. ಬೋರ್ಡಿನ ಮೇಲಿನ ಒಂದು ಫ್ಲಾಶ್ ಚಿಪ್ಪಿನಲ್ಲಿ, ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟ್ ಜಾಗದಲ್ಲಿ, ಇದು ನೆಲೆಸಿರುತ್ತದೆ. ಶಾಲೆಯಲ್ಲಿ ಬೆಳಗ್ಗೆ ಮೇಷ್ಟ್ರು ಹಾಜರಿ ಕರೆಯುವಂತೆ, ಬಯೋಸ್ ಬೋರ್ಡಿನ ಮೇಲಿರುವ ಒಂದೊಂದು ಭಾಗವನ್ನೂ ಎಚ್ಚರಿಸಿ, ಯಾರು ಬಂದಿದ್ದಾರೆ, ಯಾರನ್ನು ಹೊರಗಿಡಬೇಕು ಎಂಬುದನ್ನು ನಿರ್ಧರಿಸುತ್ತದೆ. ವಿಂಡೋಸ್ ಏಳುವ ಹೊತ್ತಿಗೆ ಈ ಹಾಜರಿ ಮುಗಿದಿರುತ್ತದೆ. ಅಲ್ಲಿ ಧ್ವನಿಯ ಕಂಟ್ರೋಲರನ್ನು ಹೊರಗಿಟ್ಟಿದ್ದರೆ, ಅಂಥದ್ದೊಂದು ಇದೆಯೆಂಬುದು ವಿಂಡೋಸ್‌ಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಎಷ್ಟು ಸಲ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಹಾಕಿದರೂ ಪ್ರಯೋಜನವಿಲ್ಲ.

ಹಾಜರಿಯ ಜೊತೆಗೆ ಇನ್ನೊಂದು ಕೆಲಸವೂ ಇದೆ. ಇಡೀ ಸಮಸ್ಯೆಯ ಒಳಗುಟ್ಟು ಅಲ್ಲೇ ಇರುವುದರಿಂದ ಅದನ್ನು ತುಸು ಬಿಡಿಸಿ ಹೇಳಬೇಕು. ಒಂದೇ ಮಾದರಿಯ ಕೋಡೆಕ್ ನೂರಾರು ಬಗೆಯ ಬೋರ್ಡ್‌ಗಳಲ್ಲಿ ಬಳಕೆಯಾಗುತ್ತದೆ. ಒಂದು ಬೋರ್ಡಿನಲ್ಲಿ ಅದರ ಯಾವುದೋ ಒಂದು ಪಿನ್ ಹಿಂಭಾಗದ ಹಸಿರು ಜ್ಯಾಕ್‌ಗೆ ಹೋದರೆ, ಇನ್ನೊಂದರಲ್ಲಿ ಅದೇ ಪಿನ್ ಮುಂಭಾಗದ ಹೆಡ್‌ಫೋನ್‌ಗೆ ಹೋಗಿರಬಹುದು, ಮತ್ತೊಂದರಲ್ಲಿ ಎಲ್ಲಿಗೂ ಹೋಗದೆ ಖಾಲಿ ಉಳಿದಿರಬಹುದು. ತನ್ನ ಸುತ್ತ ತಂತಿಗಳನ್ನು ಹೇಗೆ ಎಳೆದಿದ್ದಾರೆ ಎಂಬುದು ಕೋಡೆಕ್‌ಗೆ ತಾನಾಗಿ ತಿಳಿಯದು. ಹಾಗಾಗಿ ಪ್ರತಿ ಸಲ ಆನ್ ಆದಾಗಲೂ ಬಯೋಸ್ ಒಂದು ಪಟ್ಟಿಯನ್ನು ಕೋಡೆಕ್‌ಗೆ ಬರೆಯುತ್ತದೆ: ಈ ಪಿನ್ ಸ್ಪೀಕರಿನದು, ಹಿಂಬದಿಯಲ್ಲಿದೆ, ಬಣ್ಣ ಹಸಿರು; ಆ ಪಿನ್ ಮೈಕಿನದು, ಬಣ್ಣ ಗುಲಾಬಿ; ಇದಕ್ಕೆ ಏನೂ ಜೋಡಿಸಿಲ್ಲ. ಒಂದೊಂದು ಪಿನ್ನಿಗೂ 32 ಬಿಟ್‌ಗಳ ವಿವರ. ಇದರ ಜೊತೆಗೆ, ಈ ಕೋಡೆಕ್ ಇಂಥ ತಯಾರಕರ ಇಂಥ ಬೋರ್ಡಿನಲ್ಲಿದೆ ಎಂದು ಹೇಳುವ ಗುರುತಿನ ಸಂಖ್ಯೆಯನ್ನೂ ಬಯೋಸ್ ಬರೆಯುತ್ತದೆ.

ಮುಂದೆ ಬರುವ ಡ್ರೈವರ್ ಈ ಪಟ್ಟಿಯನ್ನು ಓದಿಕೊಂಡೇ ಜ್ಯಾಕ್‌ಗಳನ್ನು ಗುರುತಿಸುತ್ತದೆ, ಈ ಸಂಖ್ಯೆಯನ್ನು ನೋಡಿಯೇ ತನಗೆ ಸಂಬಂಧಪಟ್ಟ ಬೋರ್ಡ್ ಇದು ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ಮನೆ ಅದೇ, ಮನೆಯವರೂ ಅವರೇ, ಆದರೆ ಬಾಗಿಲ ಮೇಲಿನ ಸಂಖ್ಯೆ ಬದಲಾದರೆ ಅಂಚೆಯವರು ಕಾಗದ ಕೊಡದೆ ಮರಳುವಂತೆ, ಹೊಸ ಬಯೋಸ್‌ನಲ್ಲಿ ಈ ವಿವರ ಸ್ವಲ್ಪವೇ ಬದಲಾಗಿದ್ದರೂ ಹಳೆಯ ಡ್ರೈವರ್ ಕೈಚೆಲ್ಲಬಹುದು.

ಅಪ್‌ಡೇಟ್ ಸಮಯದಲ್ಲಿ ಬದಲಾಗುವ ಸಂಗತಿಗಳು

ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಸೆಟ್ಟಿಂಗ್‌ಗಳು ಅಳಿಸಿಹೋಗುವುದು. ಅಪ್‌ಡೇಟ್ ಆದ ಮೇಲೆ ಬಯೋಸ್ ಸಾಮಾನ್ಯವಾಗಿ ತನ್ನ ಆಯ್ಕೆಗಳನ್ನೆಲ್ಲ ಕಾರ್ಖಾನೆಯ ಸ್ಥಿತಿಗೆ ತರುತ್ತದೆ. ಹೊಸ ಆವೃತ್ತಿಯಲ್ಲಿ ಧ್ವನಿಯ ಆಯ್ಕೆಯ ಮೂಲಸ್ಥಿತಿಯೇ ಬೇರೆಯಾಗಿದ್ದರೆ, ಅಥವಾ ಅದು ಆಟೋ ಎಂಬಲ್ಲಿ ನಿಂತು ಬೋರ್ಡ್ ತಾನೇ ತೀರ್ಮಾನ ಮಾಡಿದರೆ, ಕಂಟ್ರೋಲರ್ ಮುಚ್ಚಿಕೊಂಡಿರಬಹುದು.

ಎರಡನೆಯದು, ಬೋರ್ಡಿನ ಒಳವಿಳಾಸಗಳ ಬದಲಾವಣೆ. ಬಯೋಸ್ ಪ್ರತಿ ಸಾಧನಕ್ಕೂ ಒಂದು ಸ್ಥಾನಸಂಖ್ಯೆ ಕೊಡುತ್ತದೆ. ಹೊಸ ಆವೃತ್ತಿ ಆ ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಹಂಚಿದರೆ ವಿಂಡೋಸ್‌ನ ಕಣ್ಣಿಗೆ ಹಳೆಯ ಸಾಧನ ಮಾಯವಾಗಿ, ಅದರ ಜಾಗದಲ್ಲಿ ಹೊಸದೊಂದು ಬಂದಂತೆ ಕಾಣುತ್ತದೆ. ಆಗ ಮೊದಲು ನೀವು ಆರಿಸಿಟ್ಟಿದ್ದ ಸ್ಪೀಕರ್ ಬಿಟ್ಟುಹೋಗಿ, ಮಾನಿಟರಿನ ಎಚ್‌ಡಿಎಂಐ ಧ್ವನಿ ಆ ಸ್ಥಾನಕ್ಕೆ ಬಂದು ಕೂರುವುದು ಸಾಮಾನ್ಯ. ಇಲ್ಲಿ ಕೆಟ್ಟದ್ದೇನೂ ಇಲ್ಲ. ಧ್ವನಿ ಮಾನಿಟರಿಗೆ ಹೋಗುತ್ತಿದೆ, ಮಾನಿಟರಿಗೆ ಸ್ಪೀಕರ್ ಇಲ್ಲ, ಅಷ್ಟೇ. ಪರದೆಯ ಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಹೊರಹೋಗುವ ಸಾಧನವನ್ನು ಬದಲಿಸಿದರೆ ಕೆಲಸ ಮುಗಿಯಿತು.

ಮೂರನೆಯದು ಇಂಟೆಲ್ ವ್ಯವಸ್ಥೆಗಳಲ್ಲಿ, ಅದರಲ್ಲೂ ಲ್ಯಾಪ್‌ಟಾಪ್‌ಗಳಲ್ಲಿ, ಕಾಣುವಂಥದ್ದು. ಅಲ್ಲಿ ಆಡಿಯೋ ಡಿಎಸ್‌ಪಿ ಅಥವಾ ಸ್ಮಾರ್ಟ್ ಸೌಂಡ್ ಎಂಬ ಸಹಾಯಕ ಪ್ರೊಸೆಸರ್ ಇರುತ್ತದೆ. ಅದು ಚಾಲೂ ಆದರೆ ಕಂಟ್ರೋಲರ್ ತನ್ನನ್ನು ಬೇರೆ ವರ್ಗದ ಸಾಧನವೆಂದು ಪರಿಚಯಿಸಿಕೊಳ್ಳುತ್ತದೆ, ಅದಕ್ಕೆ ಬೇರೆಯದೇ ಡ್ರೈವರ್ ಬೇಕಾಗುತ್ತದೆ. ಅಪ್‌ಡೇಟ್‌ನಿಂದ ಈ ಆಯ್ಕೆ ಅತ್ತಿತ್ತ ಆದರೆ ನಿನ್ನೆಯ ಡ್ರೈವರ್ ಇವತ್ತಿಗೆ ಹೊಂದುವುದಿಲ್ಲ.

ಮೊದಲ ಹೆಜ್ಜೆ: ಕರೆಂಟನ್ನು ಪೂರ್ತಿ ತೆಗೆಯುವುದು

ಬೇರೆ ಏನನ್ನು ಮುಟ್ಟುವುದಕ್ಕೂ ಮೊದಲು ಇದನ್ನು ಮಾಡಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಇದಕ್ಕೆ ಎರಡು ನಿಮಿಷ ಸಾಕು, ಹಾನಿಯೇನೂ ಇಲ್ಲ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೂ ಪ್ಲಗ್ ಸಿಕ್ಕಿಸಿರುವವರೆಗೆ ಪವರ್ ಸಪ್ಲೈ 5 ವೋಲ್ಟ್‌ನ ಒಂದು ಕಿರುಧಾರೆಯನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಕೋಡೆಕ್‌ನಲ್ಲಿರುವ ಪಿನ್ನುಗಳ ಪಟ್ಟಿ ಸಾಮಾನ್ಯ ರೀಸೆಟ್‌ಗೆ ಅಳಿಸಿಹೋಗಬಾರದೆಂದು ನಿಯಮವೇ ಹೇಳುತ್ತದೆ. ವಿದ್ಯುತ್ ಪೂರ್ತಿ ನಿಂತಾಗ ಮಾತ್ರ ಅದು ಖಾಲಿಯಾಗುತ್ತದೆ. ಹೀಗಾಗಿ ಅಪ್‌ಡೇಟ್‌ಗೆ ಮುಂಚಿನ ಸ್ಥಿತಿಯಲ್ಲೇ, ಅಥವಾ ಅರ್ಧ ಎದ್ದು ಅರ್ಧ ಮಲಗಿದ ಸ್ಥಿತಿಯಲ್ಲಿ, ಕೋಡೆಕ್ ಸಿಕ್ಕಿಹಾಕಿಕೊಂಡಿದ್ದರೆ ರೀಸ್ಟಾರ್ಟ್ ಎಷ್ಟು ಮಾಡಿದರೂ ಅದು ಹಾಗೇ ಉಳಿಯಬಹುದು.

ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಆರಿಸಬೇಕು. ವಿಂಡೋಸ್ 8ರಿಂದ ಈಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ, ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಹಾಗೇ ಉಳಿಸಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಶಿಫ್ಟ್ ಒತ್ತಿದರೆ ನಿಜವಾದ ಶಟ್‌ಡೌನ್ ಆಗುತ್ತದೆ. ಬಳಿಕ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಆನ್ ಮಾಡಬೇಕು. ನನ್ನದೇ ಕಂಪ್ಯೂಟರ್ ಒಮ್ಮೆ ಹೀಗೆ ಮೂಕವಾದಾಗ ಮೂರು ಬಾರಿ ಡ್ರೈವರ್ ತೆಗೆದು ಹಾಕಿ ಸೋತಿದ್ದೆ. ಕೊನೆಗೆ ಪೆಟ್ಟಿಗೆ ತೆರೆದಿಟ್ಟು ಪ್ಲಗ್ ಕಿತ್ತೆ. ಬೋರ್ಡಿನ ಮೂಲೆಯ ಪುಟ್ಟ ದೀಪ ತಕ್ಷಣ ಆರಲಿಲ್ಲ. ಪವರ್ ಬಟನ್ ಒತ್ತಿ ಹಿಡಿದ ಮೇಲೆ ಮೆಲ್ಲಗೆ ಮಂಕಾಗುತ್ತ ಹೋಗಿ ಆರಿತು. ಮತ್ತೆ ಆನ್ ಮಾಡಿದಾಗ ಧ್ವನಿ ಬಂದಿತ್ತು.

ಬಯೋಸ್‌ನೊಳಗಿನ ಆಯ್ಕೆ

ಅದರಿಂದ ಆಗದಿದ್ದರೆ ಬಯೋಸ್‌ನೊಳಗೆ ಹೋಗಬೇಕು. ಕಂಪ್ಯೂಟರ್ ಆನ್ ಆಗುತ್ತಿರುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುವುದು ವಾಡಿಕೆ. ಧ್ವನಿಯ ಆಯ್ಕೆ ಸಾಮಾನ್ಯವಾಗಿ ಅಡ್ವಾನ್ಸ್ಡ್ ವಿಭಾಗದಲ್ಲಿ, ಆನ್‌ಬೋರ್ಡ್ ಡಿವೈಸಸ್ ಅಥವಾ ಇಂಟಿಗ್ರೇಟೆಡ್ ಪೆರಿಫೆರಲ್ಸ್ ಎಂಬ ತಲೆಬರಹದ ಕೆಳಗೆ ಇರುತ್ತದೆ. ಎಚ್‌ಡಿ ಆಡಿಯೋ ಕಂಟ್ರೋಲರ್, ಆನ್‌ಬೋರ್ಡ್ ಆಡಿಯೋ, ಮೇಲೆ ಹೇಳಿದ ಅಜೇಲಿಯಾ, ಇವುಗಳಲ್ಲಿ ಯಾವ ಹೆಸರಾದರೂ ಇರಬಹುದು. ಅದು ಆಟೋ ಅಥವಾ ಡಿಸೇಬಲ್ಡ್ ಎಂದಿದ್ದರೆ ಎನೇಬಲ್ಡ್ ಮಾಡಿ, ಎಫ್10 ಒತ್ತಿ ಉಳಿಸಬೇಕು. ಈಗಾಗಲೇ ಎನೇಬಲ್ಡ್ ಇದ್ದರೂ ಒಮ್ಮೆ ಡಿಸೇಬಲ್ಡ್ ಮಾಡಿ ಉಳಿಸಿ, ವಿಂಡೋಸ್‌ವರೆಗೆ ಹೋಗಿ, ಹಿಂತಿರುಗಿ ಬಂದು ಮತ್ತೆ ಎನೇಬಲ್ಡ್ ಮಾಡುವುದು ಸಾರ್ಥಕವಾಗುವುದುಂಟು. ಮುಂಭಾಗದ ಹೆಡ್‌ಫೋನ್ ಜ್ಯಾಕ್ ಮಾತ್ರ ಕೆಲಸ ಮಾಡುತ್ತಿಲ್ಲವೆಂದಾದರೆ, ಫ್ರಂಟ್ ಪ್ಯಾನೆಲ್ ಎಂಬ ಆಯ್ಕೆ ಎಸಿ 97ರಲ್ಲಿ ನಿಂತಿದೆಯೋ ಎಚ್‌ಡಿಯಲ್ಲೋ ಎಂದು ನೋಡಬೇಕು. ಇಂದಿನ ಪೆಟ್ಟಿಗೆಗಳಿಗೆ ಬೇಕಾದದ್ದು ಎಚ್‌ಡಿ.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತಿದೆ

ವಿಂಡೋಸ್ ಕೀಲಿಯ ಜೊತೆಗೆ ಇಂಗ್ಲಿಷಿನ ಎಕ್ಸ್ ಅಕ್ಷರ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಅದರಲ್ಲಿ ಎರಡು ಕಡೆ ನೋಡಬೇಕು. ಸಿಸ್ಟಮ್ ಡಿವೈಸಸ್ ಎಂಬಲ್ಲಿ ಹೈ ಡೆಫಿನಿಷನ್ ಆಡಿಯೋ ಕಂಟ್ರೋಲರ್ ಇರುತ್ತದೆ. ಸೌಂಡ್, ವಿಡಿಯೋ ಮತ್ತು ಗೇಮ್ ಕಂಟ್ರೋಲರ್ಸ್ ಎಂಬಲ್ಲಿ ಕೋಡೆಕ್ ಇರುತ್ತದೆ. ಕೊಂಡಿ ಎಲ್ಲಿ ಕಳಚಿದೆಯೆಂಬುದು ಈ ಎರಡು ಸಾಲುಗಳಲ್ಲೇ ಇದೆ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಜಾಗವಿದೆ. ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಎಚ್‌ಡಿಎಂಐ ಧ್ವನಿಗೆಂದು ತಮ್ಮದೇ ಕಂಟ್ರೋಲರ್ ಇರುತ್ತದೆ, ಅದೂ ಇದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳದೆ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ಅದರಲ್ಲಿನ ವೆಂಡರ್ (ತಯಾರಕರ) ಸಂಖ್ಯೆ 8086 ಆಗಿದ್ದರೆ ಇಂಟೆಲ್, 1022 ಆಗಿದ್ದರೆ ಎಎಂಡಿಯ ಪ್ರೊಸೆಸರ್ ಅಥವಾ ಚಿಪ್‌ಸೆಟ್. 10ಡಿಇ ಎಂದರೆ ಎನ್‌ವಿಡಿಯಾ, 1002 ಎಂದರೆ ಎಎಂಡಿಯ ಗ್ರಾಫಿಕ್ಸ್. ನಮಗೆ ಬೇಕಾಗಿರುವುದು ಮೊದಲ ಎರಡರಲ್ಲಿ ಒಂದು. ಕೋಡೆಕ್ ಸಾಲಿನಲ್ಲಿ 10ಇಸಿ ಕಂಡರೆ ಅದು ರಿಯಲ್‌ಟೆಕ್.

ಬೋರ್ಡಿನ ಕಂಟ್ರೋಲರೇ ಪಟ್ಟಿಯಲ್ಲಿ ಇಲ್ಲವೆಂದರೆ ತಪ್ಪು ಬಯೋಸ್‌ನ ಹಂತದಲ್ಲಿದೆ, ಡ್ರೈವರ್‌ಗೆ ಸಂಬಂಧವಿಲ್ಲ. ಕಂಟ್ರೋಲರ್ ಇದ್ದು ಕೋಡೆಕ್ ಇಲ್ಲವೆಂದರೆ ಅವೆರಡರ ನಡುವಿನ ಮಾತು ನಿಂತಿದೆ. ಕರೆಂಟ್ ತೆಗೆಯುವ ಉಪಾಯ ಹೆಚ್ಚಾಗಿ ಫಲಿಸುವುದು ಇಂಥಲ್ಲೇ. ಇಂಟೆಲ್‌ನ ಸ್ಕೈಲೇಕ್ ಎಂಬ 6ನೇ ಪೀಳಿಗೆಯಿಂದ ಈಚೆಗೆ ಒಳಗಿನ ಗ್ರಾಫಿಕ್ಸ್‌ನ ಧ್ವನಿಯೂ ಇದೇ ಕಂಟ್ರೋಲರ್ ಮೂಲಕ ಸಾಗುವುದರಿಂದ, ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಧ್ವನಿ ಬಂದು ಜ್ಯಾಕ್‌ನಿಂದ ಬಾರದಿದ್ದರೆ ಕಂಟ್ರೋಲರ್ ನೆಟ್ಟಗಿದೆಯೆಂದೇ ಅರ್ಥ. ಎರಡೂ ಇದ್ದು ಹಳದಿ ಎಚ್ಚರಿಕೆ ಚಿಹ್ನೆ ಕಂಡರೆ ಡ್ರೈವರಿನ ತೊಂದರೆ: ಕೋಡ್ 28 ಎಂದರೆ ಡ್ರೈವರ್ ಇಲ್ಲ, ಕೋಡ್ 10 ಎಂದರೆ ಡ್ರೈವರ್ ಇದ್ದೂ ಸಾಧನ ಶುರುವಾಗುತ್ತಿಲ್ಲ. ಕೆಳಮುಖದ ಬಾಣದೊಡನೆ ಕೋಡ್ 22 ಕಂಡರೆ ಸಾಧನವನ್ನು ವಿಂಡೋಸ್‌ನಲ್ಲೇ ನಿಲ್ಲಿಸಿಡಲಾಗಿದೆ ಎಂದರ್ಥ. ಬಲ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಸಾಕು.

ಒಂದು ಅಪವಾದವನ್ನು ಇಲ್ಲೇ ಹೇಳಿಬಿಡಬೇಕು. ಇತ್ತೀಚಿನ ಕೆಲವು ಬೋರ್ಡ್‌ಗಳಲ್ಲಿರುವ ಎಎಲ್‌ಸಿ 4080 ಮತ್ತು 4082 ಕೋಡೆಕ್‌ಗಳು ಬೋರ್ಡಿನೊಳಗೇ ಯುಎಸ್‌ಬಿ ಮೂಲಕ ಜೋಡಣೆಯಾಗಿರುತ್ತವೆ. ಅವಕ್ಕೆ ಮೇಲಿನ ಕಂಟ್ರೋಲರ್ ಬೇಕಿಲ್ಲ, ಅವು ಯುಎಸ್‌ಬಿ ಆಡಿಯೋ ಎಂಬ ಹೆಸರಿನಲ್ಲಿ ಕಾಣುತ್ತವೆ, ಅವುಗಳ ಡ್ರೈವರೂ ಬೇರೆ.

ಡ್ರೈವರನ್ನು ಹೊಸದಾಗಿ ಕೂರಿಸುವುದು

ಡ್ರೈವರಿನ ಹಂತದಲ್ಲೇ ತೊಂದರೆ ಎಂದು ಖಚಿತವಾದ ಮೇಲೆ, ಡಿವೈಸ್ ಮ್ಯಾನೇಜರ್‌ನ ವ್ಯೂ ಪಟ್ಟಿಯಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಬೇಕು. ಹಳೆಯ ವಿಳಾಸದಲ್ಲಿ ಉಳಿದುಹೋದ ಧ್ವನಿ ಸಾಧನಗಳು ಮಸುಕು ಬಣ್ಣದಲ್ಲಿ ಕಾಣುತ್ತವೆ. ಅವುಗಳನ್ನೂ ಈಗಿನ ಸಾಧನವನ್ನೂ ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ಕಡತವನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಆಗ ತನ್ನದೇ ಸಾಮಾನ್ಯ ಡ್ರೈವರನ್ನು ಕೂರಿಸುತ್ತದೆ. ಅದರಿಂದ ಧ್ವನಿ ಬಂದರೆ ಚಿಪ್ ಸುಟ್ಟಿಲ್ಲ ಎಂಬುದು ರುಜುವಾತಾದಂತೆ. ನಂತರ ನಿಮ್ಮ ಬೋರ್ಡಿನ ಮಾದರಿ ಹೆಸರಿನ ಅಧಿಕೃತ ಪುಟದಿಂದಲೇ ಚಿಪ್‌ಸೆಟ್ ಡ್ರೈವರ್ ಮೊದಲು, ಆಡಿಯೋ ಡ್ರೈವರ್ ಆಮೇಲೆ ಹಾಕಬೇಕು. ಎಲ್ಲ ಡ್ರೈವರ್‌ಗಳನ್ನೂ ಹುಡುಕಿಕೊಡುತ್ತೇವೆ ಎನ್ನುವ ಅಪರಿಚಿತ ತಂತ್ರಾಂಶಗಳಿಂದ ದೂರವಿರುವುದು ಕ್ಷೇಮ. ಪಿನ್ನುಗಳ ಪಟ್ಟಿ ಬೋರ್ಡಿನಿಂದ ಬೋರ್ಡಿಗೆ ಬೇರೆಯಾಗಿರುವಾಗ, ಇನ್ನಾವುದೋ ಬೋರ್ಡಿಗೆಂದು ಹೊಂದಿಸಿದ ಡ್ರೈವರ್ ಗೊಂದಲವನ್ನು ಹೆಚ್ಚಿಸಬಲ್ಲದು.

ವಿಂಡೋಸ್‌ನ ಹೊರಗೆ ನಿಂತು ಪರೀಕ್ಷಿಸುವುದು

ಇಷ್ಟಾದರೂ ಧ್ವನಿ ಇಲ್ಲವೆಂದರೆ, ಲಿನಕ್ಸ್‌ನ ಯಾವುದಾದರೂ ಲೈವ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರನ್ನು ಎಬ್ಬಿಸಿ ನೋಡಬೇಕು. ಡಿಸ್ಕ್‌ನಲ್ಲಿ ಏನನ್ನೂ ಬದಲಿಸದೆ ಅದು ನೇರವಾಗಿ ಓಡುತ್ತದೆ. ಅಲ್ಲಿ ಧ್ವನಿ ಬಂದರೆ ಯಂತ್ರಾಂಶವೂ ಬಯೋಸೂ ಸರಿಯಿವೆ, ಹುಡುಕಾಟವನ್ನು ವಿಂಡೋಸ್‌ನೊಳಗೇ ಮುಂದುವರಿಸಬೇಕು. ಅಲ್ಲಿಯೂ ಕೋಡೆಕ್ ಕಾಣದಿದ್ದರೆ ವಿಂಡೋಸ್ ಮರುಸ್ಥಾಪನೆಯ ಯೋಚನೆಯನ್ನು ಕೈಬಿಡಬಹುದು. ಒಂದು ಇಡೀ ದಿನದ ಶ್ರಮ ಉಳಿಯುತ್ತದೆ.

ಸಿಮಾಸ್ ಅಳಿಸುವುದು ಮತ್ತು ಹಳೆಯ ಬಯೋಸ್‌ಗೆ ಮರಳುವುದು

ಬಯೋಸ್ ಹಂತದಲ್ಲೇ ತೊಡಕು ಎಂದು ಗೊತ್ತಾದರೆ, ಬಯೋಸ್‌ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ನೆನಪಿನ ಜಾಗವಾದ ಸಿಮಾಸ್ ಅಳಿಸಿ ನೋಡಬೇಕು. ಪ್ಲಗ್ ಕಿತ್ತು, ಬೋರ್ಡಿನ ಕೈಪಿಡಿಯಲ್ಲಿ ತೋರಿಸಿರುವ ಎರಡು ಕಡ್ಡಿಗಳನ್ನು ಕೆಲವು ಸೆಕೆಂಡು ಲೋಹದಿಂದ ಜೋಡಿಸುವುದು, ಅಥವಾ ನಾಣ್ಯದಂತಿರುವ ಸಿಆರ್ 2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡುವುದು ಇದರ ವಿಧಾನ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ರಕ್ಷಣೆಯಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಮೊದಲೇ ಕೈಯಲ್ಲಿರಲಿ, ಏಕೆಂದರೆ ಬಯೋಸ್‌ನಲ್ಲಿ ಆದ ಬದಲಾವಣೆಯನ್ನು ಕಂಡು ವಿಂಡೋಸ್ ಅದನ್ನು ಕೇಳಬಹುದು.

ಅದಕ್ಕೂ ಬಗ್ಗದಿದ್ದರೆ, ತಯಾರಕರು ಇನ್ನೂ ಹೊಸ ಆವೃತ್ತಿ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿ, ಇಲ್ಲವಾದರೆ ಮಾತ್ರ ಹಳೆಯ ಆವೃತ್ತಿಗೆ ಮರಳುವ ವಿಚಾರ ಮಾಡಬೇಕು. ಕೆಲವು ಬೋರ್ಡ್‌ಗಳು ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಬಿಟ್ಟರೂ, ಭದ್ರತೆಗಾಗಿಯೋ ಪ್ರೊಸೆಸರಿನ ವೋಲ್ಟೇಜ್‌ಗಾಗಿಯೋ ಮಾಡಿದ ಅಪ್‌ಡೇಟನ್ನು ಧ್ವನಿಗಾಗಿ ಬಿಟ್ಟುಕೊಡುವುದು ನಷ್ಟದ ವ್ಯವಹಾರ. ಅಂಥ ಸಂದರ್ಭದಲ್ಲಿ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿಸಿಕೊಂಡು ಕೆಲಸ ಸಾಗಿಸಿ, ತಯಾರಕರ ಸಹಾಯ ವಿಭಾಗಕ್ಕೆ ಬರೆಯುವುದೇ ಮೇಲು. ಬರೆಯುವಾಗ ಬೋರ್ಡಿನ ಪೂರ್ಣ ಹೆಸರು, ಅದರ ಮೇಲೆ ಅಚ್ಚಾದ ಪರಿಷ್ಕರಣೆ ಸಂಖ್ಯೆ, ಹಳೆಯ ಮತ್ತು ಹೊಸ ಬಯೋಸ್ ಆವೃತ್ತಿಗಳು, ಕೋಡೆಕ್ ಹೆಸರು, ಡಿವೈಸ್ ಮ್ಯಾನೇಜರ್‌ನಲ್ಲಿ ಕಂಡ ಹಾರ್ಡ್‌ವೇರ್ ಐಡಿ, ಲೈವ್ ಲಿನಕ್ಸ್‌ನಲ್ಲಿ ಕೋಡೆಕ್ ಕಂಡಿತೇ ಇಲ್ಲವೇ ಎಂಬುದನ್ನು ತಿಳಿಸಬೇಕು.